ಆರು ಗಾಲಿಗೂ ಒಂದೇ ಅಳತೆ

ಮಾದರಿ ಉಗಿ ಎಂಜಿನ್ ಕಟ್ಟುವವರು ಬಾಯ್ಲರ್‌ಗೆ ಹೆದರುತ್ತಾರೆ, ಗಾಲಿಯನ್ನು ಸಸಾರ ಮಾಡುತ್ತಾರೆ. ನಾನು ಕಂಡಂತೆ ಕೆಲಸ ಕೆಡುವುದು ಗಾಲಿಯಲ್ಲೇ. ಐದು ಅಂಗುಲ, ಅಂದರೆ 127 ಮಿ.ಮೀ. ಗೇಜಿನ (ಹಳಿಗಳ ನಡುವಿನ ಅಂತರದ) ಎಂಜಿನ್ನಿಗೆ ಆರು ಚಾಲಕ ಗಾಲಿಗಳಿವೆ ಎನ್ನಿ. ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸಲಾಕೆಗಳು ಅವನ್ನು ಒಟ್ಟಿಗೇ ತಿರುಗಿಸುತ್ತವೆ. ಒಂದರ ವ್ಯಾಸ 0.1 ಮಿ.ಮೀ. ಹೆಚ್ಚಿದ್ದರೆ ಅದು ಸುತ್ತಿಗೆ 0.3 ಮಿ.ಮೀ. ಮುಂದೆ ಹೋಗಲು ನೋಡುತ್ತದೆ, ಸಲಾಕೆ ಬಿಡುವುದಿಲ್ಲ. ಗಾಲಿ ಹಳಿಗೆ ಉಜ್ಜಿಕೊಂಡು ಸವೆಯುತ್ತದೆ.

ಮೊದಲು ಹಿಂಬದಿ ಹೊರಗಿರುವಂತೆ ಗಾಲಿಯನ್ನು ಲೇಥಿನಲ್ಲಿ ತುಂಡನ್ನು ಹಿಡಿದು ತಿರುಗಿಸುವ ಚಕ್‌ಗೆ ಕಟ್ಟಿ. ಬೀಡುಕಬ್ಬಿಣದ ಹೊರಪದರ ಗಡಸು, ಎರಕದ ಮರಳೂ ಅಂಟಿರುತ್ತದೆ. ಮೊದಲ ಸಲವೇ ಟೂಲು ಒಂದು ಮಿ.ಮೀ. ಆಳಕ್ಕಿಳಿಯಲಿ, ಮೇಲೆ ಮೇಲೆ ಕೆರೆದರೆ ಟೂಲಿನ ಮೊನೆ ಹೋಯಿತು. 100 ಮಿ.ಮೀ. ಗಾಲಿಗೆ ಹೈಸ್ಪೀಡ್ ಸ್ಟೀಲ್ ಟೂಲಾದರೆ ನಿಮಿಷಕ್ಕೆ 60 ಸುತ್ತು ಸಾಕು. ಎಣ್ಣೆ ಬೇಡ. ಬೀಡಿನ ಕರಿಪುಡಿ ಎಣ್ಣೆಯಲ್ಲಿ ಕಲಸಿಕೊಂಡರೆ ಟೂಲು ಜಾರುವ ಲೇಥಿನ ಬೆಡ್ಡನ್ನೇ ತಿನ್ನುತ್ತದೆ.

ಗಾಲಿ ಬಿಚ್ಚದೆಯೇ ತೂತು ಕೊರೆದು, ಟೂಲಿನಿಂದ ಹಿಗ್ಗಿಸಿ (ಬೋರ್ ಮಾಡಿ), ತೂತನ್ನು ನಿಖರ ಅಳತೆಗೆ ತರುವ ರೀಮರ್ ಹಾಕಿ. ಅಗ್ಗದ ರೀಮರನ್ನು ಮೊದಲು ರದ್ದಿ ತುಂಡಿನಲ್ಲಿ ಪರೀಕ್ಷಿಸಿ. 12 ಮಿ.ಮೀ. ಎಂದು ಬರೆದಿದ್ದ ಒಂದು ರೀಮರ್ ಕೊರೆದ ತೂತಿನಲ್ಲಿ ನನ್ನ ಅಚ್ಚು (ಆಕ್ಸಲ್) ಗಡಗಡ ಅಲ್ಲಾಡಿತ್ತು. ಆಮೇಲೆ ಗಾಲಿ ತಿರುವಿ ಮುಂಬದಿ ಮುಗಿಸಿ.

ಇನ್ನು ನಿಜವಾದ ಕೆಲಸ. ಚಕ್‌ನ ದವಡೆಗಳನ್ನು ನಂಬಬೇಡಿ. ದಪ್ಪ ಕಬ್ಬಿಣದ ತುಂಡೊಂದನ್ನು ಚಕ್‌ಗೆ ಕಟ್ಟಿ, ಮುಖ ಸಪಾಟು ಮಾಡಿ, ಗಾಲಿಯ ತೂತಿಗೆ ಬಿಗಿಯಾಗಿ ಜಾರುವ ಗೂಟವೊಂದನ್ನು ಅದರಲ್ಲೇ ಕಡೆಯಿರಿ. ಗಾಲಿಯ ಹಿಂಬದಿ ಆ ಮುಖಕ್ಕೆ ಒತ್ತುವಂತೆ ಬೋಲ್ಟ್ ಬಿಗಿಯಿರಿ. ಆರೂ ಗಾಲಿ ಮುಗಿಯುವವರೆಗೆ ಈ ತುಂಡನ್ನು ಬಿಚ್ಚಕೂಡದು.

ಮೊದಲ ಸುತ್ತಿನಲ್ಲಿ ಎಲ್ಲಕ್ಕೂ ಕೊನೆಯ ಅಳತೆಗಿಂತ 0.3 ಮಿ.ಮೀ. ಹೆಚ್ಚು ಉಳಿಸಿ. ಟೂಲಿಗೆ ಸಾಣೆ ಕೊಟ್ಟು ಮೊನೆ ಗುಂಡಗೆ ಮಾಡಿ. ಒಂದು ಗಾಲಿಯನ್ನು ಅಳತೆಗೆ ತಂದು, ಟೂಲನ್ನು ಅಡ್ಡಡ್ಡ ಸರಿಸುವ ಕ್ರಾಸ್ ಸ್ಲೈಡು ಅಲುಗದಂತೆ ಅದರ ಸ್ಕ್ರೂ ಬಿಗಿದುಬಿಡಿ. ಟೂಲನ್ನು ಬೆಡ್ಡಿನುದ್ದಕ್ಕೂ ಬಲಕ್ಕೆ ಸರಿಸಿ ಗಾಲಿ ಬದಲಿಸಿ. ಕ್ರಾಸ್ ಸ್ಲೈಡಿನ ಹಿಡಿಕೆ ಮುಟ್ಟಬೇಡಿ. ಪ್ರತಿ ಗಾಲಿಗೂ ಡಯಲ್ ನೋಡಿ ಮತ್ತೆ ಹೊಂದಿಸುತ್ತೇನೆ ಎನ್ನುವವರ ಗಾಲಿಗಳು ಎಂದೂ ಸಮ ಬರುವುದಿಲ್ಲ.

ಗಾಲಿ ಹಳಿಯಿಂದ ಇಳಿಯದಂತೆ ತಡೆಯುವ ಫ್ಲ್ಯಾಂಜಿನ ಬುಡಕ್ಕೆ ಬಂದಾಗ ಗುಂಡುಮೊನೆ ಪೂರ್ತಿ ಕಚ್ಚುತ್ತದೆ, ಲೇಥ್ ಕಿರುಚುತ್ತದೆ. ಆಗ ಮೋಟಾರು ನಿಲ್ಲಿಸಿ, ಚಕ್ಕನ್ನು ಕೈಯಿಂದಲೇ ತಿರುಗಿಸುತ್ತಾ ಮೂಲೆ ಮುಗಿಸಿ. ಅರ ಹಾಕುವುದು ಫ್ಲ್ಯಾಂಜಿನ ತುದಿಗೆ ಮಾತ್ರ. ಹೊಳಪಿಗೆಂದು ಹಳಿ ತಾಗುವ ಮೈಗೆ ಎಮರಿ ಕಾಗದ ಹಿಡಿಯಬೇಡಿ. ಟೂಲಿನ ಸಣ್ಣ ಗೆರೆಗಳು ಅಲ್ಲೇ ಇರಲಿ.