ಒಂದು ಗ್ಯಾಸ್ಕೆಟ್ ಬರ್ಲಿಲ್ಲ ಅಂತ ಟ್ರಾನ್ಸ್‌ಫಾರ್ಮರ್ ನಿಲ್ಲಬಾರ್ದು ಅಂದ್ರೆ ಏನ್ ಮಾಡ್ಬೇಕು

ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್ (ಕರೆಂಟ್ ಹಾಕೋ, ಕಟ್ ಮಾಡೋ ಸಾಧನ) ಮಾಡೋ ಕಂಪನಿಗಳ ಪರ್ಚೇಸಲ್ಲಿ ಕೆಲಸ ಮಾಡೋರಿಗೆಲ್ಲ ಒಂದು ಅಭ್ಯಾಸ ಇರುತ್ತೆ, ಯಾವ ಐಟಂಗೆ ಜಾಸ್ತಿ ದುಡ್ಡು ಹೋಗುತ್ತೋ ಅದರ ಮೇಲೇ ಕಣ್ಣು. ತಾಮ್ರ, ಸಿಆರ್‌ಜಿಓ ಸ್ಟೀಲ್ (ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಹಾಕೋ ವಿಶೇಷ ಉಕ್ಕು), ಆಯಿಲ್, ಇವಕ್ಕೆ ವಾರವಾರ ಮೀಟಿಂಗ್. ನಾನೂ ಹಾಗೇ ಮಾಡ್ತಿದ್ದೆ. ಆಮೇಲೆ ಒಂದ್ಸಲ ಬ್ರೇಕರ್ ಪ್ಯಾನೆಲ್‌ಗಳೆಲ್ಲ ರೆಡಿ ಆಗಿ, ವೈರಿಂಗ್ ಮುಗ್ದು, ಒಂದೇ ಒಂದು ಆಕ್ಸಿಲರಿ ಸ್ವಿಚ್ (ಬ್ರೇಕರ್ ಆನೋ ಆಫೋ ಅಂತ ತಿಳಿಸೋ ಚಿಕ್ಕ ಸ್ವಿಚ್) ಬರ್ಲಿಲ್ಲ ಅಂತ ಐದು ವಾರ ಸಾಲಾಗಿ ನಿಂತಿದ್ದನ್ನ ನೋಡಿದ್ಮೇಲೆ ಲೆಕ್ಕ ಹಾಕೋ ರೀತಿನೇ ಬದಲಾಯಿಸ್ದೆ.

ಮೊದಲು ಬಿಒಎಂ (ಒಂದು ಪ್ರಾಡಕ್ಟ್‌ಗೆ ಬೇಕಾದ ಎಲ್ಲ ಪಾರ್ಟ್‌ಗಳ ಪಟ್ಟಿ) ತಗೊಂಡು ಪ್ರತಿ ಐಟಂ ಮುಂದೆ ಎರಡು ನಂಬರ್ ಬರೀರಿ. ಈ ಸಪ್ಲೈಯರ್ ಇವತ್ತೇ ಬಾಗಿಲು ಹಾಕಿದ್ರೆ ಕೈಯಲ್ಲಿರೋ ಸ್ಟಾಕಲ್ಲಿ ಎಷ್ಟು ದಿನ ತಡೀತೀವಿ, ಇದು ಒಂದು. ಅದರ ಬದಲಿಗೆ ಬೇರೆ ಕಡೆಯಿಂದ ಅಪ್ರೂವ್ ಆದ ಮಾಲು ಕೈಗೆ ಬರೋಕೆ ಎಷ್ಟು ದಿನ ಬೇಕು, ಇದು ಎರಡನೇದು. ಎರಡನೇ ನಂಬರ್ ದೊಡ್ಡದಿದ್ರೆ ಅಲ್ಲಿ ಅಪಾಯ ಇದೆ ಅಂತ ಅರ್ಥ, ರೇಟ್ ಎಷ್ಟೇ ಕಡಿಮೆ ಇರ್ಲಿ. ಎರಡನೇ ನಂಬರ್ ಬರೆಯೋವಾಗ ಡೆಲಿವರಿ ಟೈಮ್ ಒಂದನ್ನೇ ಬರೆದು ಕೈ ತೊಳ್ಕೋಬೇಡಿ, ಸ್ಯಾಂಪಲ್, ಮೋಲ್ಡ್ ಮಾಡಿಸೋದು, ಟೆಸ್ಟಿಂಗ್, ಡ್ರಾಯಿಂಗ್ ಬದಲಾವಣೆ, ಕಸ್ಟಮರ್ ಒಪ್ಪಿಗೆ ಎಲ್ಲ ಸೇರಿಸಿ. ಆಗ ಹೊಟ್ಟೆಯೊಳಗೆ ಸಣ್ಣಗೆ ನಡುಕ ಶುರುವಾಗುತ್ತೆ, ಆಗ್ಲಿ, ಆಗ್ಲೇಬೇಕು.

ಯಾಕಂದ್ರೆ ನಮ್ಮ ಇಂಡಸ್ಟ್ರೀಲಿ ಪಾರ್ಟ್ ಸಿಕ್ಕ ಮಾತ್ರಕ್ಕೆ ಹಾಕೋ ಹಾಗಿಲ್ಲ. ಟೈಪ್ ಟೆಸ್ಟ್ (ಒಂದು ಡಿಸೈನ್ ಸರಿಯಿದೆಯಾ ಅಂತ ಲ್ಯಾಬಲ್ಲಿ ಮಾಡೋ ಪರೀಕ್ಷೆ) ರಿಪೋರ್ಟ್ ಯಾವ ಪಾರ್ಟ್ ಹಾಕಿ ಟೆಸ್ಟ್ ಮಾಡಿದ್ರೋ ಅದಕ್ಕೇ ಅಂಟಿಕೊಂಡಿರುತ್ತೆ. ಎಲ್‌ಟಿ (ಕಡಿಮೆ ವೋಲ್ಟೇಜ್) ಪ್ಯಾನೆಲ್‌ಗೆ ಐಇಸಿ 61439, ಎಚ್‌ಟಿ (ಹೆಚ್ಚು ವೋಲ್ಟೇಜ್) ಸ್ವಿಚ್‌ಗೇರ್‌ಗೆ ಐಇಸಿ 62271, ಈ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ಗಳ ಪ್ರಕಾರ ಪಾಸಾದ ಡಿಸೈನಲ್ಲಿ ಬ್ರೇಕರ್ ಕಂಪನಿನೋ ಇನ್ಸುಲೇಟರೋ ಬದಲಾಯಿಸಿದ್ರೆ ಟೆಂಪರೇಚರ್ ರೈಸ್, ಶಾರ್ಟ್ ಸರ್ಕ್ಯೂಟ್ ತಡೆಯೋ ತಾಕತ್ತು ಮತ್ತೆ ಸಾಬೀತು ಮಾಡ್ಬೇಕಾಗಿ ಬರ್ಬಹುದು, ಶಾರ್ಟ್ ಸರ್ಕ್ಯೂಟ್ ಲ್ಯಾಬಲ್ಲಿ ಸ್ಲಾಟ್ ಸಿಗೋಕೇ ತಿಂಗಳುಗಟ್ಟಲೆ ಕಾಯ್ಬೇಕು. ಹಾಗಾಗಿ ಎರಡನೇ ಸಪ್ಲೈಯರ್ ಹೆಸರು ಲಿಸ್ಟಲ್ಲಿದೆ ಅನ್ನೋದು ನಂಬ್ಕೊಂಡು ಕೂರೋ ವಿಷಯ ಅಲ್ವೇ ಅಲ್ಲ. ಹೊಸ ಡಿಸೈನ್ ಟೆಸ್ಟ್‌ಗೆ ಹೋಗೋವಾಗ್ಲೇ ಬದಲಿ ಪಾರ್ಟ್ ಹಾಕಿದ ಇನ್ನೊಂದು ಪೀಸನ್ನೂ ಪ್ಲಾನಲ್ಲಿ ಸೇರಿಸಿ. ಆಗ ಮ್ಯಾನೇಜ್‌ಮೆಂಟ್ ಖರ್ಚು ಯಾಕೆ ಅಂತ ಕೇಳುತ್ತೆ, ಈ ಎರಡು ನಂಬರ್ ತೋರಿಸಿ.

ಇನ್ನೊಂದು ಮೋಸ ಹೋಗೋ ಜಾಗ, ಇಬ್ಬರು ಸಪ್ಲೈಯರ್ ಇದ್ದಾರೆ ಅನ್ಕೊಂಡಿರ್ತೀವಿ, ಇಬ್ಬರೂ ಹಿಂದೆ ಒಂದೇ ಕಡೆಯಿಂದ ತರ್ತಿರ್ತಾರೆ. ಸಿಆರ್‌ಜಿಓ ಮಾಡೋ ಮಿಲ್‌ಗಳು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು, ಅಮೆರಿಕದಂಥ ದೇಶದಲ್ಲಿ ಮಾಡೋದು ಕ್ಲೀವ್‌ಲ್ಯಾಂಡ್-ಕ್ಲಿಫ್ಸ್ ಒಂದೇ. 2021 ನೆನಪು ಮಾಡ್ಕೊಳ್ಳಿ, ಫೆಬ್ರವರಿಲಿ ಟೆಕ್ಸಾಸಲ್ಲಿ ಹಿಮ ಬಿದ್ದು ಪೆಟ್ರೋಕೆಮಿಕಲ್ ಪ್ಲಾಂಟ್‌ಗಳು ಬಂದ್, ರೆಸಿನ್ (ಇನ್ಸುಲೇಟರ್ ಮಾಡೋಕೆ ಬೇಕಾದ ಅಂಟಿನಂಥ ಕಚ್ಚಾಮಾಲು), ಪ್ಲಾಸ್ಟಿಕ್‌ಗೆಲ್ಲ ಕೊರತೆ, ಮಾರ್ಚಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಚಿಪ್ ಫ್ಯಾಕ್ಟರಿಗೆ ಬೆಂಕಿ, ಅದಾದ ಕೆಲವೇ ದಿನಕ್ಕೆ ಎವರ್ ಗಿವನ್ ಹಡಗು ಸೂಯೆಜ್‌ನಲ್ಲಿ ಆರು ದಿನ ಸಿಕ್ಕಾಕೊಳ್ತು. ರೆಸಿನ್, ಚಿಪ್, ಸಾಗಾಟ, ಮೂರೂ ಒಟ್ಟಿಗೆ ಕೈಕೊಟ್ಟಾಗ ಸಪ್ಲೈಯರ್ ಹೆಸರುಗಳ ಉದ್ದ ಪಟ್ಟಿ ಇಟ್ಕೊಂಡು ಏನು ಪ್ರಯೋಜನ. ಆದ್ದರಿಂದ ಸಪ್ಲೈಯರ್‌ಗೆ ಆಫೀಸ್ ಅಡ್ರೆಸ್ ಕೇಳೋದಲ್ಲದೆ ರೆಸಿನ್ ಯಾವ ಪ್ಲಾಂಟಿಂದ ಬರುತ್ತೆ, ಎಲ್ಲಿ ಕಾಸ್ಟಿಂಗ್, ಯಾವ ಪೋರ್ಟಿಂದ ಹೊರಡುತ್ತೆ ಅಂತ ಕೇಳಿ. ಎಲ್ಲರೂ ಹೇಳಲ್ಲ, ಬಾಯಿ ಬಿಡದೇ ಇರೋದೂ ಒಂದು ಉತ್ತರ ಅಂತ ಬರ್ಕೊಳ್ಳಿ.

ಸ್ಟಾಕ್ ವಿಷಯಕ್ಕೆ ಬಂದ್ರೆ, ಎಲ್ಲಾನೂ ಗುಡ್ಡೆ ಹಾಕ್ಬೇಡಿ. ರೇಟ್ ಕಡಿಮೆ, ಸಿಗೋದು ಒಂದೇ ಕಡೆ, ಕೆಡಲ್ಲ, ಈ ಮೂರೂ ಇದ್ರೆ ಆರು ತಿಂಗಳಿಗಾಗೋಷ್ಟು ಇಟ್ರೂ ತಪ್ಪಿಲ್ಲ. ಎಪಾಕ್ಸಿ, ಹಾರ್ಡನರ್, ರಬ್ಬರ್ ಓ-ರಿಂಗ್ ಇವಕ್ಕೆಲ್ಲ ಶೆಲ್ಫ್ ಲೈಫ್ ಇದೆ, ಪ್ರೆಸ್‌ಬೋರ್ಡ್ (ಇನ್ಸುಲೇಶನ್‌ಗೆ ಹಾಕೋ ಗಟ್ಟಿ ರಟ್ಟು) ಗಾಳಿಯ ತೇವ ಹೀರುತ್ತೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೀರೂಲಿ ಇದ್ರೂ ವಯಸ್ಸಾಗುತ್ತೆ. ಸ್ಟೀಲ್, ಬುಶಿಂಗ್ (ಟ್ರಾನ್ಸ್‌ಫಾರ್ಮರ್ ಒಳಗಿಂದ ತಂತಿ ಹೊರತರೋ ಇನ್ಸುಲೇಟರ್), ಟ್ಯಾಪ್ ಚೇಂಜರ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡೋ ಭಾಗ) ಥರದವಕ್ಕೆ ಮಾಲು ಗುಡ್ಡೆ ಹಾಕೋ ಬದಲು ಸಪ್ಲೈಯರ್ ಹತ್ರ ಪ್ರೊಡಕ್ಷನ್ ಸ್ಲಾಟ್ ಮುಂಚೆನೇ ಬುಕ್ ಮಾಡೋದು ಒಳ್ಳೇದು, ಸೈಜ್ ಆಮೇಲೆ ಹೇಳ್ತೀವಿ ಅಂತ ಮಾತಾಡ್ಕೊಳ್ಬಹುದು.

ರೇಟ್ ರಿಸ್ಕ್ ಬಗ್ಗೆ ಚಿಕ್ಕದಾಗಿ. ತಾಮ್ರ 2020ರ ಮಾರ್ಚಲ್ಲಿ ಟನ್‌ಗೆ 5,000 ಡಾಲರ್‌ಗಿಂತ ಕೆಳಗಿತ್ತು, 2021ರ ಮೇನಲ್ಲಿ 10,000 ದಾಟ್ತು. ಕೊಟೇಶನ್ ಕೊಟ್ಟ ದಿನಕ್ಕೂ ಆರ್ಡರ್ ಬರೋ ದಿನಕ್ಕೂ ಮಧ್ಯ ಇರೋ ಗ್ಯಾಪಲ್ಲೇ ಲಾಭ ಸೋರಿ ಹೋಗೋದು, ಹಾಗಾಗಿ ವ್ಯಾಲಿಡಿಟಿ ಚಿಕ್ಕದಿಡಿ, ಪ್ರೈಸ್ ವೇರಿಯೇಶನ್ ಕ್ಲಾಜ್ (ಕಚ್ಚಾಮಾಲಿನ ರೇಟ್ ಬದಲಾದ್ರೆ ನಮ್ಮ ರೇಟೂ ಬದಲಾಗುತ್ತೆ ಅನ್ನೋ ಷರತ್ತು) ಹಾಕ್ಸಿ, ಫಿಕ್ಸ್ ರೇಟ್ ಆರ್ಡರ್ ಬಂದ ದಿನಾನೇ ತಾಮ್ರ ಬುಕ್ ಮಾಡಿ.

ಒಂದು ಸರ್ಕಾರಿ ರೂಲಿಂದ್ಲೂ ಮಾಲು ನಿಲ್ಬಹುದು, ಹಾಗಾಗಿ ಕಾನೂನು ಓದೋಕೆ ಒಬ್ಬರನ್ನ ಇಡಿ. ಯುರೋಪಿಯನ್ ಯೂನಿಯನ್ 2024ರಲ್ಲಿ ತಂದ ರೂಲ್ ಪ್ರಕಾರ 24 ಕೆವಿ, ಅಂದ್ರೆ 24,000 ವೋಲ್ಟ್‌ವರೆಗಿನ ಹೊಸ ಸ್ವಿಚ್‌ಗೇರಲ್ಲಿ ಎಸ್‌ಎಫ್6 (ಇನ್ಸುಲೇಶನ್‌ಗೆ ತುಂಬೋ ಗ್ಯಾಸ್) ಥರದ ಫ್ಲೋರಿನ್ ಗ್ಯಾಸ್‌ಗಳಿಗೆ 2026ರ ಜನವರಿ 1ರಿಂದ ನಿಷೇಧ, ಕೆಲವು ವಿನಾಯಿತಿ ಬಿಟ್ಟು. 2025ರ ಏಪ್ರಿಲಲ್ಲಿ ಚೀನಾ ಡಿಸ್‌ಪ್ರೋಸಿಯಂ, ಟರ್ಬಿಯಂ (ಮ್ಯಾಗ್ನೆಟ್‌ಗೆ ಹಾಕೋ ಲೋಹಗಳು) ಸೇರಿ ಏಳು ರೇರ್ ಅರ್ತ್ ಲೋಹಗಳಿಗೆ ಎಕ್ಸ್‌ಪೋರ್ಟ್ ಲೈಸೆನ್ಸ್ ಕಡ್ಡಾಯ ಮಾಡ್ತು, ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಮಾಡೋರಿಗೆ ಅದು ನೇರ ಏಟು.

ಕೊನೇದಾಗಿ, ನನಗೆ ತುಂಬ ಕಾಡೋ ವಿಷಯ. ಮಾಲು ಸಿಗದೇ ಇದ್ದಾಗ ಯಾರೋ ಬ್ರೋಕರ್ ಫೋನ್ ಮಾಡ್ತಾರೆ, ನಾಳೆನೇ ಕೊಡ್ತೀನಿ ಅಂತಾರೆ. ಅವಾಗ್ಲೇ ಇನ್‌ಕಮಿಂಗ್ ಇನ್‌ಸ್ಪೆಕ್ಷನ್ ಇನ್ನೂ ಬಿಗಿ ಮಾಡ್ಬೇಕು, ಆದ್ರೆ ಹೆಚ್ಚಿನ ಕಡೆ ಅರ್ಜೆಂಟ್ ಅಂತ ಸಡಿಲ ಬಿಡ್ತಾರೆ. ವೈಂಡಿಂಗ್ ವೈರ್ ಬಂದ್ರೆ ತೂಕ, ರೆಸಿಸ್ಟೆನ್ಸ್ ನೋಡಿ, ತಾಮ್ರ ಬಳಿದ ಅಲ್ಯೂಮಿನಿಯಂ ಇದ್ರೆ ಅಲ್ಲೇ ಗೊತ್ತಾಗುತ್ತೆ. ಐಸಿ, ಬೇರಿಂಗ್ ಆದ್ರೆ ಲಾಟ್ ನಂಬರ್ ಅಸಲಿ ಕಂಪನಿಗೆ ಕಳ್ಸಿ ಕೇಳಿ. ನಾವು ಕಳ್ಸಿದ ಬ್ರೇಕರ್ ಮುಂದೆ 25-30 ವರ್ಷ ಯಾರೋ ಒಬ್ಬರು ಆಪರೇಟರ್ ನಿಂತಿರ್ತಾರೆ. ಅಸಲಿ ಅಂತ ಖಾತ್ರಿ ಆಗ್ಲಿಲ್ಲ ಅಂದ್ರೆ ಲೇಟ್ ಅಂತ ಕಸ್ಟಮರ್‌ಗೆ ಫೋನ್ ಮಾಡಿ ಹೇಳಿ, ಹಾಕ್ಬೇಡಿ.