ಬೆಲ್ಟಿಗೆ ಹೊಸ ತೂತು

"ತೂಕ ಇಳೀತಾ ಇದೆ ಡಾಕ್ಟ್ರೇ" ಅಂತ ಯಾರಾದರೂ ಬಂದರೆ ನಾನು ಮೊದಲು ಅವರ ಬೆಲ್ಟ್ ನೋಡುತ್ತೇನೆ. ಹೆಂಗಸರಾದರೆ ಬಳೆ, ರವಿಕೆ. ಹಳೇ ತೂಕ ನೆನಪಿಟ್ಟುಕೊಂಡವರು ಕಮ್ಮಿ. ಮೈ ನಿಜವಾಗಿ ಇಳಿದಿದೆಯಾ ಅನ್ನೋದು ಬಟ್ಟೆಯಲ್ಲಿ ಗೊತ್ತಾಗುತ್ತದೆ.

ಹಾಗೆ ಬಂದ ಒಬ್ಬ ಲಾರಿ ಡ್ರೈವರ್‌ಗೆ 42 ವರ್ಷ. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದರು. ಎಂಟು ತಿಂಗಳಲ್ಲಿ 68 ಕೆಜಿಯಿಂದ 60ಕ್ಕೆ ಬಂದಿದ್ದರು. ಆರರಿಂದ ಹನ್ನೆರಡು ತಿಂಗಳೊಳಗೆ ಮೈತೂಕದಲ್ಲಿ ನೂರಕ್ಕೆ 5 ಭಾಗ ತಾನಾಗೇ ಇಳಿದರೆ ನಾವು ಕಾರಣ ಹುಡುಕಬೇಕು. ಇವರದು ನೂರಕ್ಕೆ 12ರ ಹತ್ತಿರ.

"ಹಸಿವು ಹೇಗಿದೆ?" ಅಂತ ಕೇಳಿದೆ. "ಚೆನ್ನಾಗಿದೆ ಸಾರ್." ಹಸಿವಿದ್ದು, ಉಂಡೂ ತೂಕ ಇಳಿದರೆ ಮನಸ್ಸು ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡೆ ಹೋಗುತ್ತದೆ. ಕರುಳು ಆಹಾರವನ್ನು ಹೀರಿಕೊಳ್ಳದೆ ಇರುವುದೂ ಉಂಟು. ಹಸಿವೇ ಸತ್ತಿದ್ದರೆ ಟಿಬಿ, ಕ್ಯಾನ್ಸರ್, ಕಿಡ್ನಿ, ಲಿವರ್, ಎಚ್‌ಐವಿ, ಮನಸ್ಸಿನ ಖಿನ್ನತೆ. ಕೆಲವೊಮ್ಮೆ ನಾವೇ ಬರೆದುಕೊಟ್ಟ ಮಾತ್ರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಿಂದ ಊಟ ಸೇರದವರು ನನ್ನ ಹತ್ತಿರವೇ ಇದ್ದಾರೆ. ರಕ್ತ, ಸಕ್ಕರೆ, ಥೈರಾಯ್ಡ್ ನೋಡುವ ಟಿಎಸ್‌ಎಚ್, ಎದೆಯ ಎಕ್ಸ್‌ರೇ, ಕಫ, ಹೊಟ್ಟೆ ಸ್ಕ್ಯಾನಿಂಗ್ ಎಲ್ಲ ಬರೆದು ಕಳಿಸಿದೆ.

ವಾರದ ನಂತರ ರಿಪೋರ್ಟ್ ತಂದರು. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ, ಉಳಿದದ್ದೆಲ್ಲ ನಾರ್ಮಲ್. ಈ ಸಲ ಹೆಂಡತಿಯೂ ಜೊತೆಗೆ ಬಂದಿದ್ದರು. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದರು ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಬೆಳಗ್ಗೆ ಇಡ್ಲಿ, ಚಟ್ನಿ ಇಲ್ಲದೆ. ಮಧ್ಯಾಹ್ನ ಮೊಸರನ್ನ. ರಾತ್ರಿಯೂ ಮೊಸರನ್ನ. ಆಗ ಆಯಮ್ಮ ಅಂದರು: "ಖಾರ ಬಾಯಿಗಿಟ್ರೆ ಉರಿ ಅಂತಾರೆ ಸಾರ್. ಮುದ್ದೆ ಬಿಟ್ಟು ಎಷ್ಟೋ ದಿನ ಆಯ್ತು."

ಮುದ್ದೆ ಬಿಟ್ಟರು ಅಂದ ಕೂಡಲೇ ನನಗೆ ಹೊಳೆಯಿತು. "ಬಾಯಿ ಪೂರ್ತಿ ತೆಗೀರಿ, ನಿಮ್ಮದೇ ಮೂರು ಬೆರಳು ಮೇಲೆ ಕೆಳಗೆ ಜೋಡಿಸಿ ಒಳಗಿಡಿ" ಅಂದೆ. ಸಾಮಾನ್ಯವಾಗಿ ಮೂರು ಬೆರಳು ಹಿಡಿಸುತ್ತವೆ. ಇವರಿಗೆ ಒಂದೇ ಹೋಯಿತು. ಟಾರ್ಚ್ ಹಾಕಿದೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡಿತ್ತು. ಗ್ಲೌಸ್ ಹಾಕಿ ಮುಟ್ಟಿದರೆ ಚರ್ಮದಡಿ ಹಗ್ಗ ಎಳೆದು ಕಟ್ಟಿದ ಹಾಗೆ ಗಟ್ಟಿ ಪಟ್ಟಿಗಳು.

ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯೊಳಗೆ ಚರ್ಮದಡಿ ನಾರು ಗಟ್ಟಿಯಾಗುವ ಕಾಯಿಲೆ, ಅನ್ನುತ್ತೇವೆ. ಮುಖ್ಯ ಕಾರಣ ಅಡಿಕೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಸಾಕು, ಇದನ್ನು ತುಂಬಾ ಜನ ನಂಬುವುದಿಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಅಡಿಕೆ ಇರುವ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಅದೇ ಅಂಗಡಿಯಲ್ಲಿ. ಇವರು ನಿದ್ದೆ ತಡೆಯೋಕೆ ಅಂತ ದಿನಕ್ಕೆ ಹತ್ತು ಪೊಟ್ಟಣ ಹಾಕುತ್ತಿದ್ದರು. ಬಾಯಿ ಹಿಡಿದುಕೊಂಡದ್ದು ಒಂದೇ ದಿನದಲ್ಲಲ್ಲ, ಹಾಗಾಗಿ ಅವರಿಗೇ ಅದು ಕಾಯಿಲೆ ಅನಿಸಿರಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಹಸಿವು ನಿಜವಾಗಿಯೂ ಇತ್ತು. "ತಿನ್ನೋಕೆ ಆಗುತ್ತಾ?" ಅಂತ ನಾನು ಕೇಳಿರಲಿಲ್ಲ, ಬಾಯಿ ನೋಡಿರಲಿಲ್ಲ. ಒಂದು ವಾರದ ದುಡಿಮೆ ಹೋಯಿತು, ಟೆಸ್ಟುಗಳ ಖರ್ಚೂ ಅವರ ಮೇಲೆ ಬಿತ್ತು. ಟೆಸ್ಟು ಹೇಗೂ ಬೇಕಿತ್ತು, ಯಾಕೆಂದರೆ ಒಂದು ಕಾರಣ ಸಿಕ್ಕಿತು ಅಂತ ಟಿಬಿಯನ್ನು ಕೈಬಿಡೋಕೆ ಆಗಲ್ಲ. ಆದರೆ ಟಾರ್ಚ್ ನನ್ನ ಜೇಬಿನಲ್ಲೇ ಇತ್ತು ಅಲ್ವಾ? ಈಗ ತೂಕದ ಯಂತ್ರದಿಂದ ಇಳಿದವರ ಬಾಯಿ ನೋಡದೆ ಚೀಟಿ ಬರೆಯುವುದಿಲ್ಲ. ವಯಸ್ಸಾದವರಲ್ಲಿ ಸಡಿಲವಾದ ಹಲ್ಲಿನ ಸೆಟ್ಟು, ನಾಲಿಗೆ ಮೇಲಿನ ಹುಣ್ಣು ಎಷ್ಟೋ ಸಲ ಹೀಗೇ ಸಿಕ್ಕಿವೆ.

ಈ ಡ್ರೈವರ್ ಬಾಯಿಯ ಕಾಯಿಲೆ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು, ಅದಕ್ಕೆ ಅವರನ್ನು ದಂತ ವೈದ್ಯಕೀಯ ಕಾಲೇಜಿಗೆ ಕಳಿಸಿದೆ. ಚೂರು ತೆಗೆದು ಪರೀಕ್ಷೆ ಮಾಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಕೆನ್ನೆಗೆ ಇಂಜೆಕ್ಷನ್ ಕೊಟ್ಟರು, ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಟ್ಟರು. ಪಟ್ಟಿಗಳು ಪೂರ್ತಿ ಹೋಗುವುದಿಲ್ಲ ಅಂತ ನಾನೂ ಮುಚ್ಚಿಡದೆ ಹೇಳಿದೆ. ಅಡಿಕೆ ಬಿಟ್ಟರು. ನಾಲ್ಕು ತಿಂಗಳಿಗೆ 63 ಕೆಜಿ. ಬಾಯಲ್ಲಿ ಎರಡು ಬೆರಳು ಹಿಡಿಯುತ್ತವೆ. ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ, ಖಾರ ಕಮ್ಮಿ ಹಾಕಿದ ಬಸ್ಸಾರಲ್ಲಿ ಅದ್ದಿ ನುಂಗುತ್ತಾರಂತೆ.