ಆಕ್ಸಿಜನ್ ಚೇಂಬರ್‌ಗೆ ಬರುವ ದಿನ ತಲೆಗೆ ಎಣ್ಣೆ ಬೇಡ

ಹೊಸಬರಿಗೆ ಹಿಂದಿನ ದಿನವೇ ಫೋನ್ ಮಾಡಿ ಎರಡು ಮಾತು ಹೇಳುತ್ತೇನೆ. ತಲೆಗೆ ಎಣ್ಣೆ ಹಚ್ಚಬೇಡಿ, ತಿಂಡಿ ತಿನ್ನದೆ ಬರಬೇಡಿ. ಆದರೂ ಕೆಲವರು ಕೊಬ್ಬರಿ ಎಣ್ಣೆ ಹಚ್ಚಿ, ನೀಟಾಗಿ ಬಾಚಿಕೊಂಡು, ಬರಿಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ಆಸ್ಪತ್ರೆ ಅಂದರೆ ಖಾಲಿ ಹೊಟ್ಟೆ ಅಂತ ನಮ್ಮ ಜನರಿಗೆ ರೂಢಿಯಾಗಿಬಿಟ್ಟಿದೆ. ನಾನು ಹಾಸನದ ಕಡೆಯವಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೈಪರ್‌ಬಾರಿಕ್ ಚೇಂಬರ್, ಅಂದರೆ ಹೆಚ್ಚು ಒತ್ತಡದಲ್ಲಿ ಆಕ್ಸಿಜನ್ ಕೊಡುವ ಮುಚ್ಚಿದ ಚೇಂಬರ್, ನೋಡಿಕೊಳ್ಳುವ ನರ್ಸ್. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಳಿಯಲ್ಲಿ ಆಕ್ಸಿಜನ್ ಇರುವುದು ಶೇ. 21ರಷ್ಟು. ಚೇಂಬರ್‌ನಲ್ಲಿ ಶೇ. 100 ಆಕ್ಸಿಜನ್ ಕೊಡುತ್ತೇವೆ, ಅದೂ ಹೊರಗಿನದಕ್ಕಿಂತ ಎರಡು, ಎರಡೂವರೆ ಪಟ್ಟು ಒತ್ತಡದಲ್ಲಿ. ಎರಡು ಪಟ್ಟು ಅಂದರೆ ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಇಳಿದಷ್ಟು. ಆ ಒತ್ತಡಕ್ಕೆ ಆಕ್ಸಿಜನ್ ಕೆಂಪು ಕಣಗಳಲ್ಲಿ ಮಾತ್ರವಲ್ಲ, ರಕ್ತದ ನೀರಿನಂಥ ಭಾಗದಲ್ಲೂ ಚೆನ್ನಾಗಿ ಕರಗುತ್ತದೆ. ರಕ್ತದ ಓಡಾಟ ಕಮ್ಮಿಯಿರುವ ಜಾಗಕ್ಕೂ ತಲುಪುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸರ್ಜನ್ ಇಟೆ ಬೂರೆಮಾ ಇದನ್ನು ಹಂದಿಗಳಲ್ಲಿ ತೋರಿಸಿದರು. ಕೆಂಪು ಕಣಗಳನ್ನು ಹೆಚ್ಚುಕಮ್ಮಿ ಪೂರ್ತಿ ತೆಗೆದರೂ 3 ಪಟ್ಟು ಒತ್ತಡದ ಆಕ್ಸಿಜನ್‌ನಲ್ಲಿ ಅವು ಬದುಕಿದ್ದವು.

ದುಡ್ಡು ಕಟ್ಟುವ ಮುಂಚೆ ಡಾಕ್ಟರನ್ನು ನೇರವಾಗಿ ಕೇಳಿ: ನನ್ನ ಕಾಯಿಲೆಗೆ ಇದು ಒಪ್ಪಿತವಾದ ಚಿಕಿತ್ಸೆಯಾ? ಸಕ್ಕರೆ ಕಾಯಿಲೆಯವರ ವಾಸಿಯಾಗದ ಕಾಲಿನ ಹುಣ್ಣು, ರೇಡಿಯೇಷನ್ನಿಂದ ಹಾಳಾದ ದವಡೆ ಮೂಳೆ, ಸಮುದ್ರದಾಳದಿಂದ ಬೇಗ ಮೇಲೆ ಬಂದು ತೊಂದರೆಯಾದ ಡೈವರ್, ಇಂಥವಕ್ಕೆ ಹೌದು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಕಾರ್ಬನ್ ಮಾನಾಕ್ಸೈಡ್ ಕುಡಿದವರಿಗೂ ಕೊಡುತ್ತಾರೆ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ತಡ ಮಾಡಲೇಬೇಡಿ, ಮೊದಲ ಎರಡು ವಾರದೊಳಗೆ ಶುರುವಾದರೆ ಒಳ್ಳೆಯದು. ಆದರೆ ಆಟಿಸಂ ವಾಸಿಯಾಗುತ್ತದೆ, ವಯಸ್ಸು ಹಿಂದಕ್ಕೆ ಹೋಗುತ್ತದೆ ಅನ್ನುವವರನ್ನು ನಂಬಬೇಡಿ. ಆಟಿಸಂ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ. ಜಿಪ್ ಹಾಕುವ ಬಟ್ಟೆ ಚೀಲದಂಥ ಚೇಂಬರ್‌ಗಳಲ್ಲಿ ಒತ್ತಡ ಸುಮಾರು 1.3 ಪಟ್ಟು ಅಷ್ಟೇ. ಅದೂ ಇದೂ ಒಂದೇ ಅಲ್ಲ.

ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದರೆ ಅದಕ್ಕೆ ಚಿಕಿತ್ಸೆ ಆಗುವ ತನಕ ಒಳಗೆ ಬಿಡುವುದೇ ಇಲ್ಲ. ಆಸ್ತಮಾ, ಫಿಟ್ಸ್, ಜ್ವರ, ಕಿವಿಯ ಆಪರೇಷನ್, ಪೇಸ್‌ಮೇಕರ್, ಬಸಿರು, ಹಿಂದೆ ತಗೊಂಡ ಕ್ಯಾನ್ಸರ್ ಔಷಧಿ, ಎಲ್ಲವನ್ನೂ ಮೊದಲೇ ಹೇಳಿಬಿಡಿ.

ಈಗ ಎಣ್ಣೆ ವಿಷಯ. "ಬಿಡಿ ಸಿಸ್ಟರ್, ಒಂದ್ ತೊಟ್ಟು ಅಷ್ಟೇ" ಅನ್ನುತ್ತಾರೆ. ಆಕ್ಸಿಜನ್ ತುಂಬಿದ ಜಾಗದಲ್ಲಿ ಎಣ್ಣೆ ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿ ಹತ್ತಿದರೆ ಆರಿಸಲು ಸಮಯವೇ ಸಿಗುವುದಿಲ್ಲ. 1997ರ ಅಕ್ಟೋಬರ್ 31ರಂದು ಇಟಲಿಯ ಮಿಲಾನ್‌ನ ಆಸ್ಪತ್ರೆಯಲ್ಲಿ ಚೇಂಬರ್ ಒಳಗೆ ಬೆಂಕಿ ಬಿದ್ದು 11 ಜನ ಸತ್ತರು. ರೋಗಿಯೊಬ್ಬರು ಕೈ ಬೆಚ್ಚಗಿಡುವ ಪುಟ್ಟ ಸಾಧನ ಒಳಗೆ ತಂದಿದ್ದರು. ಹಾಗಾಗಿ ನಾವು ಜೇಬು ತಡಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಬೀಡಿ, ಬೆಂಕಿಪೊಟ್ಟಣ, ಮೊಬೈಲ್, ವಾಚು, ಕಿವಿ ಮಷೀನು, ಸೇಫ್ಟಿ ಪಿನ್ನು, ಹೇರ್‌ಕ್ಲಿಪ್ಪು ಎಲ್ಲ ಹೊರಗೆ. ವಿಕ್ಸ್, ಅಮೃತಾಂಜನ, ವ್ಯಾಸಲೀನ್, ಸೆಂಟು, ಮುಖದ ಕ್ರೀಮು ಕೂಡ ಬೇಡ. ಪಾಲಿಸ್ಟರ್ ಸೀರೆ, ನೈಲಾನ್ ನೈಟಿಗೆ ಸ್ಟ್ಯಾಟಿಕ್ ಕಿಡಿಯ ಭಯ. ಆಸ್ಪತ್ರೆಯವರು ಕೊಡುವ ಹತ್ತಿ ಗೌನ್ ಹಾಕಿಕೊಳ್ಳಿ, ಒಳಬಟ್ಟೆಯೂ ಹತ್ತಿಯದೇ ಇರಲಿ. ತಾಳಿ ಬಿಚ್ಚಲು ಕೆಲವು ಅಜ್ಜಿಯರು ಒಪ್ಪುವುದಿಲ್ಲ. ಅಂಥವರ ವಿಷಯದಲ್ಲಿ ಡಾಕ್ಟರೇ ತೀರ್ಮಾನ ಮಾಡಲಿ, ನನ್ನ ಹತ್ತಿರ ಜಗಳ ಬೇಡ.

ಸಕ್ಕರೆ ಕಾಯಿಲೆ ಇದ್ದವರು ಎಂದಿನಂತೆ ತಿಂಡಿ ತಿಂದು, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ಡಾಕ್ಟರ್ ಹೇಳಿದ ಹಾಗೆ ತಗೊಂಡು ಬನ್ನಿ. ಒಳಗಿದ್ದಾಗ ಶುಗರ್ ಇಳಿಯಬಹುದು. ನಮ್ಮಲ್ಲಿ 120ಕ್ಕಿಂತ ಕೆಳಗಿದ್ದರೆ ಏನಾದರೂ ತಿನ್ನಿಸಿ, ಮತ್ತೆ ನೋಡಿ, ಆಮೇಲೆ ಬಿಡುತ್ತೇವೆ. ಸೋಡಾ, ಕೋಲಾ ಬೇಡ. ಮೂತ್ರಕ್ಕೆ ಹೋಗಿ ಬನ್ನಿ, ನಡುವೆ ಎದ್ದು ಬರಲು ಆಗುವುದಿಲ್ಲ.

ಬಾಗಿಲು ಹಾಕಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ಕಿವಿಯದೇ ಕೆಲಸ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಕಿವಿ ಗುಂಯ್ ಅಂತ ಕಟ್ಟುತ್ತದಲ್ವಾ, ಹಾಗೇ, ಆದರೆ ಇನ್ನೂ ಜಾಸ್ತಿ. ಉಗುಳು ನುಂಗಿ, ಆಕಳಿಸಿ, ದವಡೆ ಆಡಿಸಿ. ಆಗದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಜೋರಾಗಿ ಬೇಡ. ನೋವು ಶುರುವಾದ ತಕ್ಷಣ ಕೈ ಎತ್ತಿ ಹೇಳಿ. ಒತ್ತಡ ನಿಲ್ಲಿಸಿ, ಸ್ವಲ್ಪ ಇಳಿಸಿ, ಮತ್ತೆ ನಿಧಾನಕ್ಕೆ ಏರಿಸುತ್ತೇವೆ. ಸಂಕೋಚಕ್ಕೆ ಸುಮ್ನೆ ಸಹಿಸಿಕೊಂಡವರಿಗೇ ಕಿವಿ ತಮಟೆಗೆ ಪೆಟ್ಟಾಗುವುದು. ನೆಗಡಿ ಇದ್ದರೆ ಆ ದಿನ ಬರುವುದೇ ಬೇಡ, ಫೋನ್ ಮಾಡಿ.

ಒತ್ತಡ ಏರುವಾಗ ಸೆಕೆ, ಇಳಿಯುವಾಗ ಚಳಿ. ಕೆಲವೊಮ್ಮೆ ಒಳಗೆ ಮಂಜು ಕವಿದಂತಾಗುತ್ತದೆ. ಅದು ಹೊಗೆಯಲ್ಲ, ಹೆದರಬೇಡಿ. ನಡುವೆ ಸುಮಾರು ಒಂದೂವರೆ ಗಂಟೆ ಮಾಮೂಲಿ ಉಸಿರಾಟ ಅಷ್ಟೇ, ನಿದ್ದೆ ಬಂದರೂ ಮಾಡಬಹುದು. ತುಟಿ ಅದುರುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ವಾಕರಿಕೆ, ಕಣ್ಣು ಮಂಜಾಗುವುದು ಆದರೆ ಕೂಡಲೇ ಹೇಳಿ. ಆಕ್ಸಿಜನ್ ಜಾಸ್ತಿಯಾದರೂ ಅಪರೂಪಕ್ಕೆ ಫಿಟ್ಸ್ ಬರಬಹುದು. ಒತ್ತಡ ಇಳಿಸುವಾಗ ಉಸಿರು ಬಿಗಿಹಿಡಿಯಬೇಡಿ.

ಕಾಲಿನ ಹುಣ್ಣಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 30ರಿಂದ 40 ಸಲ ಬರಬೇಕಾಗುತ್ತದೆ. ನಾಲ್ಕು ಸಲ ಬಂದು "ಏನೂ ಗೊತ್ತಾಗ್ಲಿಲ್ಲ" ಅಂತ ಬಿಟ್ಟರೆ ದುಡ್ಡು ದಂಡ. ಡ್ರೆಸ್ಸಿಂಗ್ ತಪ್ಪಿಸಬೇಡಿ, ಆ ಕಾಲಿನ ಮೇಲೆ ಭಾರ ಹಾಕಬೇಡಿ, ಬೀಡಿ ಬಿಡಿ. ನಿಕೋಟಿನ್ ರಕ್ತನಾಳ ಬಿಗಿಯಾಗಿಸುತ್ತದೆ, ಒಳಗೆ ಕೊಟ್ಟ ಆಕ್ಸಿಜನ್ ಕಾಲಿನ ತನಕ ಹೋಗಬೇಕಲ್ಲ.

ಕೊನೆಕೊನೆಗೆ ದೂರದ್ದು ಮಸುಕಾಗಿ ಕಾಣಿಸಬಹುದು. ಹೊಸ ಕನ್ನಡಕ ಮಾಡಿಸಲು ಓಡಬೇಡಿ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದು ಒಂದೆರಡು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆಮೇಲೂ ಹಾಗೇ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.